ಕೈಗೆ ಬಂದ ಹಾವುಮೀನು

ನನ್ನ ಅಕ್ಕನ ಗಂಡ ಇಪ್ಪತ್ತೆರಡು ವರ್ಷ ಹಡಗಿನ ಹೊಟ್ಟೆ ಕೆರೆದವರು. ನೀರಿನೊಳಗೆ ಮುಳುಗಿ, ಹಡಗಿನ ತಳಕ್ಕೆ ಅಂಟಿದ ಚಿಪ್ಪುಗಳನ್ನು ಉಳಿಯಿಂದ ಎಬ್ಬಿಸುವ ಕೆಲಸ. ಆ ಕೆಲಸದಿಂದ ಬಿಡುಗಡೆಯಾದವರು ಸಾಮಾನ್ಯವಾಗಿ ಮತ್ತೆ ಸಮುದ್ರದ ಕಡೆ ಮುಖ ಹಾಕುವುದಿಲ್ಲ. ಭಾವ ಮಾತ್ರ ಕೆಲಸ ಬಿಟ್ಟ ಮರುವಾರವೇ ಒಂದು ಹಳೆಯ ಕ್ಯಾಮೆರಾ, ಅದಕ್ಕೊಂದು ನೀರು ಹೋಗದ ಡಬ್ಬಿ ತಂದು ಊಟದ ಮೇಜಿನ ಮೇಲಿಟ್ಟರು.

"ಇಷ್ಟು ವರ್ಷ ಕೆಳಗೆ ಹೋಗಿ ಬರೀ ತುಕ್ಕು ನೋಡ್ದೆ," ಅಂದರು.

ಅಕ್ಕ ತಟ್ಟೆ ಇಡಲು ಜಾಗ ಹುಡುಕುತ್ತ, "ಇನ್ಮೇಲೆ ಊಟಾನೂ ಅದರ ಹತ್ರಾನೇ ಕೇಳಿ," ಅಂದಳು.

ದೋಣಿ ನನ್ನದು, ಮುಳುಗುವುದೂ ಗೊತ್ತು. ಹಾಗಾಗಿ ಅವರ ಹುಚ್ಚಿಗೆ ಸಾರಥಿ ನಾನಾದೆ.

ಬಂದರಿನಲ್ಲಿ ಅಲೆ ತಡೆಯುವ ಗೋಡೆಯ ಬುಡಕ್ಕೆ, ನಲವತ್ತು ಅಡಿ ಕೆಳಗೆ, ಎರಡು ಬಂಡೆಗಳ ಸಂದಿನಲ್ಲಿ ಒಂದು ಹಾವುಮೀನು ಇತ್ತು. ಪುಸ್ತಕದವರು ಮೊರೇ ಈಲ್ ಅನ್ನುವುದು ಇದನ್ನೇ. ತೊಡೆಯಷ್ಟು ದಪ್ಪ, ಆಳುದ್ದಕ್ಕಿಂತ ಉದ್ದ, ಕಂದು ಮೈಮೇಲೆ ಕಪ್ಪು ಚುಕ್ಕೆ. ಬಾಯಿ ತೆರೆಯುತ್ತ ಮುಚ್ಚುತ್ತ ಕೂತಿರುತ್ತದೆ. ಕಂಡವರೆಲ್ಲ ಕಚ್ಚಲು ಬಂತೆಂದು ಓಡುತ್ತಾರೆ; ಅದು ಉಸಿರಾಡುವ ರೀತಿಯೇ ಹಾಗೆ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಬಂದರಿನ ಜನ ಈಗಲೂ ಅದನ್ನು ಹಾವು ಅನ್ನುತ್ತಾರೆ, ಅನ್ನಲಿ. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ಬಾಯಿಯ ಹಲ್ಲು ಸಾಲದೆಂದು ಗಂಟಲಲ್ಲಿ ಇನ್ನೊಂದು ದವಡೆ, ಹಿಡಿದದ್ದನ್ನು ಒಳಕ್ಕೆ ಎಳೆಯುವುದಕ್ಕೆ. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಭಾವ. ನಾನು ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು.

ಭಾವ ನಾಲ್ಕು ವರ್ಷ ಅದರ ಎದುರು ಕೂತರು. ಸಣ್ಣ ಸೀಗಡಿಗಳು ಅದರ ಬಾಯೊಳಗೆ ಹೊಕ್ಕು ಹಲ್ಲು ಚೊಕ್ಕಟ ಮಾಡುವುದನ್ನು ಕ್ಯಾಮೆರಾದಲ್ಲಿ ಹಿಡಿದರು. ಅದಕ್ಕೊಂದು ಹೆಸರಿಡಿ ಅಂದೆ, ಒಪ್ಪಲಿಲ್ಲ.

"ಹೆಸರಿಟ್ರೆ ಸಾಕಿದ ಹಾಗಾಗುತ್ತೆ. ನಾವು ಅದರ ಬಾಗಿಲಲ್ಲಿ ನಿಂತಿರೋ ಜನ, ಅಷ್ಟೆ."

ಇನ್ನೊಂದು ನಿಯಮದಲ್ಲಿ ಅವರು ಇನ್ನೂ ಬಿಗಿ. ಕೆಳಗೆ ಮೀನಿನ ಒಂದು ತುಂಡನ್ನೂ ಒಯ್ಯುವಂತಿಲ್ಲ. ಕೈಯಿಂದ ತಿಂದು ರೂಢಿಯಾದ ಹಾವುಮೀನು ಆಮೇಲೆ ಕೈಗೂ ಮೀನಿಗೂ ವ್ಯತ್ಯಾಸ ಎಣಿಸುವುದಿಲ್ಲ ಅನ್ನುತ್ತಿದ್ದರು.

ಆ ಚಿತ್ರಗಳ ಸುದ್ದಿ ಕೇಳಿ ಟೀವಿಯವರು ಬಂದರು. ಹಗಲು ಬೆಳಕಿನಲ್ಲಿ ಅದು ಬಿಲದಿಂದ ಪೂರ್ತಿ ಹೊರಗೆ ಬಂದು ಈಜುವ ದೃಶ್ಯ ಒಂದಿದ್ದರೆ, ಅರ್ಧ ಗಂಟೆಯ ಕಾರ್ಯಕ್ರಮವನ್ನೇ ಭಾವನ ಬಗ್ಗೆ ಮಾಡುವುದಾಗಿ ಹೇಳಿದರು. ಒಂದು ತಿಂಗಳ ಗಡುವು. ಆದರೆ ಹಗಲಲ್ಲಿ ಅದು ತಲೆ ಬಿಟ್ಟು ಬೇರೇನನ್ನೂ ತೋರಿಸಿದ್ದಿಲ್ಲ. ಭಾವ ಹದಿನೆಂಟು ದಿನ ಕಾದರು. ದಿನಾ ತುಟಿ ನೀಲಿ ಮಾಡಿಕೊಂಡು ಮೇಲೆ ಬರುತ್ತಿದ್ದರು.

"ಬಂತಾ ಭಾವ?"

"ಇಲ್ಲ. ನಾಳೆ ನೋಡೋಣ."

"ಅದಕ್ಕೆ ಗಡುವಿನ ವಿಷಯ ಹೇಳಿದ್ರಾ?"

"ಹೇಳ್ದೆ. ನಿನ್ನ ಹಾಗೇ ಬಾಯಿ ಮಾಡ್ತು, ಒಳಗೆ ಹೋಯ್ತು."

ನನಗೆ ಕಾಯುವುದು ಹುಟ್ಟಿನಿಂದಲೇ ಬರದು. ಇಪ್ಪತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದ ಕಡೆ ದುಡಿದ ಮನುಷ್ಯ. ಅವರ ಕೆಲಸವನ್ನು ನಾಲ್ಕು ಜನ ನೋಡಲಿ ಅಂತ ನನಗೆ ಅವರಿಗಿಂತ ಹೆಚ್ಚು ಆಸೆ. ಹತ್ತೊಂಬತ್ತನೇ ದಿನ, ಎಂಜಿನ್ ಬಿಸಿ ಮಾಡುವ ನೆಪ ಹೇಳಿ ಬೆಳಿಗ್ಗೆ ಒಬ್ಬನೇ ಹೋದೆ. ಚೀಲದಲ್ಲಿ ಮೀನಿನ ತುಂಡು ಕಟ್ಟಿಕೊಂಡು ಮುಳುಗಿದೆ. ಮೊದಲ ದಿನ ಬಂಡೆಯ ಮೇಲಿಟ್ಟೆ. ಮೂರನೇ ದಿನ ಕೈಯಿಂದ ಕೊಟ್ಟೆ. ಐದನೇ ದಿನ ನಾನು ಹತ್ತಿರ ಹೋದದ್ದೇ ತಡ, ಪೂರ್ತಿ ಹೊರಗೆ ಬಂದು ನನ್ನ ತೋಳನ್ನು ಸುತ್ತಿ ಹೋಯಿತು.

ಅವತ್ತೇ ಭಾವನಿಗೂ ಬಂತು. ಮೇಲೆ ಬಂದವರು ಮಾಸ್ಕನ್ನೂ ತೆಗೆಯದೆ ದೋಣಿಯ ಅಂಚು ಹಿಡಿದು ನಿಂತರು.

"ಬಂತು ಕಣೋ. ಪೂರ್ತಿ. ನಾಲ್ಕು ವರ್ಷ ಆದ್ಮೇಲೆ ನನ್ನ ನಂಬ್ತು."

"ಹೂಂ," ಅಂದೆ. ಹಗ್ಗ ಸುತ್ತತೊಡಗಿದೆ.

ಬೆಳಕು ಸಾಲಲಿಲ್ಲ, ಇನ್ನೊಂದು ಸಲ ತೆಗೆಯಬೇಕು ಅಂತ ಮರುದಿನ ಇಳಿದರು. ನಮ್ಮಿಬ್ಬರ ಗ್ಲೌಸುಗಳು ಒಂದೇ ಅಂಗಡಿಯವು, ಒಂದೇ ಬಣ್ಣದವು, ದೋಣಿಯಲ್ಲಿ ಒಂದೇ ಮೊಳೆಗೆ ನೇತಾಡುತ್ತಿದ್ದವು. ಭಾವ ಹಾಕಿಕೊಂಡು ಹೋದದ್ದು ನನ್ನವನ್ನು, ಐದು ದಿನ ಮೀನಿನ ತುಂಡು ಹಿಡಿದು ವಾಸನೆ ಹತ್ತಿದವನ್ನು. ನೀರಿನ ಮೇಲೆ ಗುಳ್ಳೆಗಳು ಒಮ್ಮೆಗೇ ದಟ್ಟವಾಗಿ ಎದ್ದಾಗ ನನಗೆ ಅದು ಹೊಳೆಯಿತು. ಸಿಲಿಂಡರ್ ಬಿಗಿದುಕೊಂಡು ಧುಮುಕಿದೆ.

ಭಾವನ ಬಲಗೈಯ ಹೆಬ್ಬೆರಳು ಅದರ ಬಾಯಲ್ಲಿತ್ತು. ನಾನು ಚಾಕು ತೆಗೆದೆ. ಭಾವ ಎಡಗೈ ಅಡ್ಡ ಹಿಡಿದು, ಬೇಡ ಎಂದು ತಲೆಯಾಡಿಸಿದರು. ಬಿಟ್ಟೀತು ಎಂದು ಎಳೆದಾಡದೆ ನಿಂತರು. ಅದು ಒಮ್ಮೆ ಮೈ ತಿರುಚಿತು, ಬಿಲಕ್ಕೆ ಸರಿಯಿತು. ಹೆಬ್ಬೆರಳು ಅದರ ಜೊತೆಗೇ ಹೋಯಿತು. ಅಷ್ಟು ಆಳದಲ್ಲಿ ರಕ್ತ ಕೆಂಪಗೆ ಕಾಣುವುದಿಲ್ಲ, ಹಸಿರು ಕಾಣುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೇ ದಿನ ಭಾವ ಅಂದರು:

"ನಾಲ್ಕು ವರ್ಷ ನೋಡಿದ್ದೆಲ್ಲ ತಪ್ಪಾಗಿ ನೋಡಿದೀನಿ. ಅದು ನಂಬಿ ಬಂದಿರ್ಲಿಲ್ಲ, ಕಚ್ಚೋಕೆ ಬಂದಿತ್ತು. ನನಗೆ ಗೊತ್ತಾಗ್ಲಿಲ್ಲ. ಇನ್ನು ಅದರ ಬಗ್ಗೆ ಬೇರೆಯವರಿಗೆ ಏನಂತ ಹೇಳ್ಲಿ?"

ಟೀವಿಯವರಿಗೆ ಚಿತ್ರ ಕೊಡುವುದಿಲ್ಲ ಅಂತ ಹೇಳಿಕಳಿಸಿದರು. ಕ್ಯಾಮೆರಾ ಮಂಚದ ಕೆಳಗೆ ಸೇರಿತು. ನಾನು ಎದುರಿಗೇ ಕೂತಿದ್ದೆ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಡಾಕ್ಟರಿಗೆ ಬೈದೆ, ಗ್ಲೌಸಿನ ಅಂಗಡಿಯವನಿಗೆ ಬೈದೆ, ಮನೆಗೆ ಬಂದು ಹೆಂಡತಿಗೆ ಬೈದೆ. ನನ್ನ ಸಿಟ್ಟಿಗೆ ಇಡೀ ಬಂದರು ಹೆದರುತ್ತದೆ. ಒಂದು ಮಾತು ಒಪ್ಪಿಕೊಳ್ಳಲು ಎರಡು ತಿಂಗಳು ಹೆದರಿದವನು ನಾನು.

ಕೊನೆಗೆ ಅಕ್ಕ ದೋಣಿಯ ಹತ್ತಿರ ಬಂದಳು.

"ಮೂರು ಹೊತ್ತೂ ಗೋಡೆ ನೋಡ್ತಾ ಕೂತಿರ್ತಾರೆ. ಬೆರಳಿಗಲ್ಲ, ಅಷ್ಟು ನನಗೆ ಗೊತ್ತು. ನಿನಗೇನಾದ್ರೂ ಗೊತ್ತೇನೋ?"

"ನನಗೇನು ಗೊತ್ತಿರುತ್ತೆ."

"ನೀನು ಕಿರುಚದೆ ಉತ್ತರ ಕೊಟ್ಟೆ ಅಂದ್ರೆ ಗೊತ್ತಿದೆ ಅಂತ. ನಡಿ ಮನೆಗೆ."

ಹೋಗಿ ಹೇಳಿದೆ. ಭಾವ ನನ್ನ ಮುಖ ನೋಡಲಿಲ್ಲ.

"ಎಷ್ಟು ದಿನ ಕೊಟ್ಟೆ?"

"ಐದು."

"ಕೈಯಿಂದ?"

"ಕೈಯಿಂದಾನೇ. ತಪ್ಪಾಯ್ತು ಭಾವ."

ತಪ್ಪಿನ ಮಾತು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಎರಡು ತಿಂಗಳ ಮೇಲೆ ಮೊದಲ ಸಲ ಅವರ ಮುಖದಲ್ಲಿ ಜೀವ ಬಂದದ್ದು, ಅದರ ಹಿಂದೆಯೇ ಗಾಬರಿ ಬಂದದ್ದು ಕಂಡೆ.

"ಹಾಗಾದ್ರೆ ನಾನು ನೋಡಿದ್ದು ತಪ್ಪಲ್ಲ. ಆದ್ರೆ ಅದಕ್ಕೀಗ ಕೈ ಅಂದ್ರೆ ಊಟ. ಯಾರು ಇಳಿದ್ರೂ ಹೊರಗೆ ಬರುತ್ತೆ. ದೋಣಿ ತೆಗಿ."

ಕ್ಯಾಮೆರಾ ಇಲ್ಲದೆ ಇಳಿದರು. ಇಪ್ಪತ್ತು ನಿಮಿಷದ ಮೇಲೆ ಬಂದರು. ಬಿಲ ಖಾಲಿ, ಬಿಲದ ಬಾಯಲ್ಲಿ ಹೂಳು ತುಂಬಿದೆ ಅಂದರು. ದಡದಲ್ಲಿ ಈಟಿಯಿಂದ ಮೀನು ಹೊಡೆಯುವವನೊಬ್ಬ ಬಲೆ ಒಣಗಿಸುತ್ತಿದ್ದ. ಅವನನ್ನು ಕೇಳಿದೆವು.

"ಆ ದೊಡ್ಡದಾ? ಹೋದ ತಿಂಗಳೇ ಹೊಡೆದೆ. ಅಂಥ ಪೆದ್ದು ಹಾವು ಕಂಡೇ ಇಲ್ಲ, ನಾಯಿ ಹಾಗೆ ಕೈ ಹತ್ರ ಬಂತು."

ಅವನ ಕೊರಳಪಟ್ಟಿಗೆ ಕೈ ಹಾಕಿದೆ. ಭಾವ ನಾಲ್ಕು ಬೆರಳಿನ ಕೈಯಿಂದ ನನ್ನ ಕೈ ಬಿಡಿಸಿದರು.

"ಅವನದೇನು ತಪ್ಪಿದೆ. ಬಿಡು." ಸ್ವಲ್ಪ ದೂರ ನಡೆದ ಮೇಲೆ ಅಂದರು: "ಬೆರಳು ಹೋದ್ಮೇಲೂ ಅದು ಒಂದು ತಿಂಗಳು ಬದುಕಿತ್ತು ಕಣೋ. ಒಂದು ಮಾತು ಹೇಳೋಕೆ ಅಷ್ಟು ದಿನ ಇತ್ತು ನಿನಗೆ."

ಇದಾಗಿ ಮೂರು ವರ್ಷ. ಭಾವ ಎಡಗೈಯಲ್ಲಿ ಕ್ಯಾಮೆರಾ ಹಿಡಿಯುವುದನ್ನು ಕಲಿತರು. ಬಂದರು ದಾಟಿ ಹೋಗುವ ಬೇರೆಯವರ ದೋಣಿ ಹತ್ತುತ್ತಾರೆ, ನನ್ನದನ್ನಲ್ಲ. ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ಮಾತ್ರ ಇಲ್ಲಿ ನನ್ನ ಹತ್ತಿರ ಬಿಟ್ಟು ಇನ್ನೊಬ್ಬರ ಬಳಿ ಇಲ್ಲ. ವಾರಕ್ಕೆರಡು ಸಲ ಅಕ್ಕ ಖಾಲಿ ಸಿಲಿಂಡರ್ ತಂದಿಡುತ್ತಾಳೆ. ತುಂಬಿಸಿ, ಎರಡೆರಡು ಸಲ ಪರೀಕ್ಷಿಸಿ ಬಾಗಿಲಲ್ಲಿಡುತ್ತೇನೆ. ಒಯ್ಯುವುದಕ್ಕೂ ಅಕ್ಕನೇ ಬರುತ್ತಾಳೆ.