ಹದಿನಾಲ್ಕು ಬಕೆಟ್ ನೀರು

ಅವನನ್ನು ಹೆಸರು ಹಿಡಿದು ಕರೆಯುವವರು ಹೆಂಡತಿಯ ಕಡೆಯ ನೆಂಟರು ಮಾತ್ರ. ಉಳಿದವರಿಗೆಲ್ಲ ಅವನು ನೀರು ಮಾಮ. ಬೆಳಗಿನ ಐದಕ್ಕೆ ಸೊಂಟದೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು, ರಸ್ತೆಯ ಮುಚ್ಚಳ ಎತ್ತಿ, ವಾಲ್ವ್ ತಿರುಗಿಸಿ ಮೂರು ಬೀದಿಗಳಿಗೆ ನೀರು ಬಿಡುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಇದೊಂದೇ ಕೆಲಸ. ಮೊದಲು ಕೆಳಗಿನ ಬೀದಿ, ಆಮೇಲೆ ನಡುವಿನದು, ಕೊನೆಗೆ ಏರಿನ ಮೇಲಿರುವ ಬೀದಿ. ಒಂದು ತೆರೆದ ಸ್ವಲ್ಪ ಹೊತ್ತಿಗೇ ಇನ್ನೊಂದು ತೆರೆದು, ತೆರೆದ ಸರದಿಯಲ್ಲೇ ಮುಚ್ಚಿಕೊಂಡು ಬರುತ್ತಿದ್ದ. ಪ್ರತಿ ಬೀದಿಗೂ ಎರಡು ಗಂಟೆ; ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.

ಈ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವೂ ಇತ್ತು. ನೆಂಟರ ಮನೆಯೆಂದು ಹೆಚ್ಚು ಬಿಟ್ಟವನಲ್ಲ, ಜಗಳವಾಡಿದರೆಂದು ಕಡಿಮೆ ಮಾಡಿದವನಲ್ಲ. ಹೆಂಡತಿ ನಗಾಡುತ್ತಿದ್ದಳು: "ಇವರು ಮದುವೆ ದಿನಾನೂ ವಾಲ್ವ್ ಮುಚ್ಚಿ ಬಂದೇ ಹಾರ ಹಾಕಿದ್ದು."

ಜಗಳ ಅಂತ ಆದದ್ದು ಒಬ್ಬಳ ಜೊತೆ ಮಾತ್ರ. ಮೇಲಿನ ಬೀದಿಯ ಕೊನೆಯ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು ಹನ್ನೊಂದು ವರ್ಷದ ಹಿಂದೆ ನಡುರಸ್ತೆಯಲ್ಲಿ ನಿಂತು, "ನಮ್ಮ ಬೀದಿಗೆ ನೀನು ಬೇಕಂತಲೇ ಕೈ ಬಿಗಿ ಹಿಡೀತೀಯ" ಎಂದು ಕೂಗಾಡಿದ್ದಳು. ಅವನು ಕೈಗಡಿಯಾರ ಬಿಚ್ಚಿ ಅವಳ ಮುಖಕ್ಕೆ ಹಿಡಿದಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆ ಬೀದಿಯ ವಾಲ್ವ್ ಇರುವುದು ತಿರುವಿನಲ್ಲೇ. ಅಲ್ಲಿಂದ ಮುಂದೆ ಏರು ಹತ್ತುವ ಅಗತ್ಯ ಅವನಿಗೆ ಬರಲೂ ಇಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹಳದಿ ಟೀ-ಶರ್ಟು ಹಾಕಿಕೊಂಡ ಮಕ್ಕಳ ದಂಡೊಂದು ಬಂದು ಅವನನ್ನು ಸುತ್ತುವರಿಯಿತು. ಹೈಸ್ಕೂಲು, ಕಾಲೇಜಿನ ವಯಸ್ಸಿನವರು, ಒಟ್ಟು ಹದಿನಾಲ್ಕು ಜನ. ಹತ್ತಿರದ ಶಾಲೆಯಲ್ಲಿ ಶನಿವಾರಗಳಂದು ನಡೆಯುವ ನಾಯಕತ್ವ ತರಬೇತಿಗೆ ಸೇರಿದ್ದರು. ತಮ್ಮ ಬಡಾವಣೆಯ ಒಂದು ಸಮಸ್ಯೆಯನ್ನು ತಾವೇ ಹುಡುಕಿ ಆರು ತಿಂಗಳಲ್ಲಿ ದಾರಿ ಕಾಣಿಸಬೇಕಂತೆ. ಇವರು ನೀರನ್ನು ಆರಿಸಿಕೊಂಡಿದ್ದರು. ಎಲ್ಲರಿಗೂ ಮುಂದೆ ನಿಂತಿದ್ದವಳು ದಪ್ಪ ಕನ್ನಡಕದ ಹುಡುಗಿ. ಉಳಿದವರು ಅವಳನ್ನು ಲೀಡರಮ್ಮ ಎನ್ನುತ್ತಿದ್ದರು.

"ಮಾಮ, ನಿಮ್ಮ ಕಷ್ಟಗಳೇನು?" ಎಂದು ಅವಳು ಪುಸ್ತಕ ತೆರೆದಳು.

ಅವನು ಕಣ್ಣು ಕಣ್ಣು ಬಿಟ್ಟ. ಇಪ್ಪತ್ತಾರು ವರ್ಷದಲ್ಲಿ ಹೀಗೆ ಕೇಳಿದವರಿಲ್ಲ. "ಕಷ್ಟ ಅಂದ್ರೆ… ಮಂಡಿ ನೋವು."

ಲೀಡರಮ್ಮ ಗಂಭೀರವಾಗಿ 'ಮಂಡಿ ನೋವು' ಎಂದು ಬರೆದುಕೊಂಡಳು. ಇವರು ತನ್ನ ಮೇಲೆ ದೂರು ಕೊಡಲು ಬಂದವರೋ, ಹಾರ ಹಾಕಲು ಬಂದವರೋ ಅವನಿಗೆ ತಿಳಿಯಲಿಲ್ಲ.

ಮುಂದಿನ ಶನಿವಾರ ಅವನನ್ನು ಶಾಲೆಗೆ ಕರೆದರು. ಗೋಡೆಯ ಮೇಲೆ ದೊಡ್ಡ ಕಾಗದದಲ್ಲಿ ಒಂದು ಮರ ಬರೆದಿದ್ದರು. ಕೊಂಬೆಗಳಲ್ಲಿ 'ಜಗಳ', 'ಶಾಲೆಗೆ ತಡ', 'ಬೆನ್ನು ನೋವು'. ಕಾಂಡದಲ್ಲಿ 'ನೀರು ಸಾಲದು'. ಕೆಳಗೆ ಬೇರಿನಲ್ಲಿ, ಹಳೆಯ ಪೈಪು, ಏರು ಇವುಗಳ ಪಕ್ಕದಲ್ಲಿ 'ನೀರು ಮಾಮ' ಎಂದಿತ್ತು.

ಅವನು ಬಹಳ ಹೊತ್ತು ನೋಡಿದ. "ನನ್ನನ್ನು ಬೇರಲ್ಲಿ ಇಟ್ಟಿದ್ದೀರಲ್ಲ, ಇದು ಒಳ್ಳೇದೋ ಕೆಟ್ಟದ್ದೋ?"

ತರಬೇತಿಯ ಮೇಡಮ್ಮು ಗಂಟಲು ಸರಿಮಾಡಿಕೊಂಡು, ಬೇರು ಅಂದರೆ ಕಾರಣ, ಬೈಗುಳ ಅಲ್ಲ ಎಂದರು. ಆ ಮಾತಿನಿಂದ ಅವನಿಗೆ ಇನ್ನಷ್ಟು ಗೋಜಲಾಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು, "ಬೇರಿಲ್ಲದೆ ಮರ ನಿಲ್ಲುತ್ತೇನ್ರೀ? ಸುಮ್ನೆ ಉಣ್ಣಿ" ಎಂದಳು. ಆದರೆ ಆ ಮರ ಸಮಸ್ಯೆಯ ಮರ ಎಂಬುದನ್ನು ಅವನು ಅವಳಿಗೆ ಹೇಳಿರಲಿಲ್ಲ.

ಆಮೇಲೆ ಬಂದದ್ದು ಬಕೆಟ್ಟುಗಳ ದಿನ. ಒಂದೇ ಅಳತೆಯ ಹದಿನಾಲ್ಕು ಬಕೆಟ್ ಹೊಂದಿಸಿ, ಕೆಳಗಿನ ಬೀದಿಯ ಮೊದಲ ಮನೆಯಿಂದ ಮೇಲಿನ ಬೀದಿಯ ಕೊನೆಯ ಮನೆಯವರೆಗೆ ಹದಿನಾಲ್ಕು ನಲ್ಲಿಗಳ ಕೆಳಗೆ ಇಟ್ಟರು. ಪ್ರತಿ ಬಕೆಟ್ಟಿನ ಹತ್ತಿರ ಒಬ್ಬರು, ಕೈಯಲ್ಲಿ ಫೋನು. ಆರೂವರೆಗೆ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತೆರೆದು, ತುಂಬಲು ಎಷ್ಟು ಹೊತ್ತು ಬೇಕು ಎಂದು ನೋಡುವುದು. ಲೀಡರಮ್ಮ ನಿಂತಿದ್ದು ಕೊನೆಯ ಮನೆಯಲ್ಲಿ. "ಮಾಮ, ನೀವೂ ನನ್ನ ಜೊತೆ ಬನ್ನಿ" ಎಂದಳು. ಇಲ್ಲ ಎನ್ನಲು ಕಾರಣ ಸಿಗದೆ ಅವನು ಏರು ಹತ್ತಿದ.

ಇಸ್ತ್ರಿ ಮಾಡುವವಳು ಬಾಗಿಲಲ್ಲಿ ನಿಂತಿದ್ದಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಲ್ಲಿ ತೆರೆದರು. ಪೆನ್ಸಿಲಿನಷ್ಟೂ ದಪ್ಪವಿಲ್ಲದ ನೀರು ಬಕೆಟ್ಟಿನ ತಳಕ್ಕೆ ಬಿದ್ದಿತು. ಕೆಳಗಿನ ಬೀದಿಯಿಂದ ಫೋನು ಬಂತು: ಅಲ್ಲಿ ಒಂದು ನಿಮಿಷಕ್ಕೇ ತುಂಬಿತಂತೆ. ನಡುವಿನ ಬೀದಿಯಲ್ಲಿ ಮೂರು ನಿಮಿಷ. ಇಲ್ಲಿ ಬಕೆಟ್ಟಿನ ಅರ್ಧಕ್ಕೆ ಬರುವಷ್ಟರಲ್ಲೇ ಐದು ನಿಮಿಷ ಕಳೆದಿತ್ತು. ಬಕೆಟ್ ತುಂಬಿದಾಗ ಒಂಬತ್ತು ನಿಮಿಷ ದಾಟಿತ್ತು.

ಅವನು ಅಭ್ಯಾಸದಿಂದ ತನ್ನ ಕೈಗಡಿಯಾರ ನೋಡಿಕೊಂಡ. ಅದು ಸರಿಯಾಗಿಯೇ ನಡೆಯುತ್ತಿತ್ತು.

ಮೇಲಕ್ಕೆ ನೀರಿನ ರಭಸ ಕಡಿಮೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಡಿಮೆ ಅಂದರೆ ಸ್ವಲ್ಪ ಕಡಿಮೆ ಎಂದುಕೊಂಡಿದ್ದ. ಕೆಳಗಿನ ಎರಡೂ ವಾಲ್ವ್ ತೆರೆದೇ ಇರುವಾಗ ಈ ಬೀದಿಗೆ ಉಳಿಯುವುದು ಇಷ್ಟೇ ಎಂಬುದನ್ನು ಅವನು ಹತ್ತಿ ಬಂದು ನೋಡಿರಲಿಲ್ಲ. ಆ ದಿನ ಅವನಿಗೆ ಊಟ ಸೇರಲಿಲ್ಲ.

"ನಾನು ತಪ್ಪು ಮಾಡಿದ್ನಾ?" ಎಂದು ಹೆಂಡತಿಯನ್ನು ಕೇಳಿದ.

"ಆಫೀಸಿನೋರು ಬರೆದುಕೊಟ್ಟ ಹಾಗೇ ಬಿಟ್ರಿ. ನಿಮ್ಮದೇನು ತಪ್ಪು?"

"ಹಾಗಾದ್ರೆ ತಪ್ಪು ಯಾರದು?"

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಇಷ್ಟು ವರ್ಷ ತಾನು ಅಳೆದದ್ದು ಹೊತ್ತನ್ನೇ ಹೊರತು ನೀರನ್ನಲ್ಲ ಎಂಬುದು ಅವನ ತಲೆಯೊಳಗೆ ಕೂತುಬಿಟ್ಟಿತು. ಹಾಗೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಅಥವಾ ಒಬ್ಬಳು ಹೇಳಿದ್ದಳು.

ಮಕ್ಕಳು ತಮ್ಮ ಲೆಕ್ಕವನ್ನು ನೀರಿನ ಆಫೀಸಿಗೆ ಒಯ್ದರು. ಎರಡು ಸಲ ಬಾಗಿಲಲ್ಲೇ ಸಾಗಹಾಕಿಸಿಕೊಂಡು, ಮೂರನೆಯ ಸಲ ಎಂಜಿನಿಯರ ಎದುರು ಕೂತರು. ಸಾಕ್ಷಿಗೆ ನೀರು ಮಾಮನನ್ನೂ ಕೂರಿಸಿದ್ದರು. "ಇವರು ಹೇಳೋದು ನಿಜವೇನಯ್ಯ?" ಎಂದು ಎಂಜಿನಿಯರು ಕೇಳಿದಾಗ, "ನಿಜ ಸಾರ್, ನಾನೇ ನಿಂತು ನೋಡಿದೆ" ಎಂದ. ಹೇಳುತ್ತಿರುವಾಗಲೇ, ತಾನು ತನ್ನ ಪರ ಹೇಳುತ್ತಿದ್ದೇನೋ ತನ್ನ ವಿರುದ್ಧವೋ ಎಂಬ ಅನುಮಾನ ಬಂತು. ಒಂದು ತಿಂಗಳು ನೋಡೋಣ ಎಂದು ಎಂಜಿನಿಯರು ಒಪ್ಪಿದರು. ಮೊದಲ ಒಂದು ಗಂಟೆ ಮೇಲಿನ ಬೀದಿಗೆ ಮಾತ್ರ. ಉಳಿದ ಎರಡಕ್ಕೂ ಅರ್ಧ ಅರ್ಧ ಗಂಟೆ ಕಡಿತ.

ಕೆಳಗಿನ ಬೀದಿಯವರು ಸುಮ್ಮನಿರುತ್ತಾರೆಯೇ? ಎರಡನೆಯ ದಿನವೇ ಸೈಕಲ್ ಅಡ್ಡಗಟ್ಟಿದರು. "ಆ ಮಕ್ಕಳ ಮಾತು ಕೇಳ್ಕೊಂಡು ಕುಣೀತೀಯಾ?" ಎಂದು ಬಾಯಿಗೆ ಬಂದಂತೆ ಅಂದರು. ಇಷ್ಟು ವರ್ಷ ಅವನನ್ನು ಸತ್ಯವಂತ ಎಂದು ಹೊಗಳಿದವರೇ ಅವರು.

ಆ ವಾರ ಲೀಡರಮ್ಮ ಒಬ್ಬಳೇ ಬಂದಳು. ಟೀ-ಶರ್ಟು ಹಾಕಿರಲಿಲ್ಲ. ಅವಳ ಮನೆ ಇದ್ದದ್ದು ಕೆಳಗಿನ ಬೀದಿಯಲ್ಲೇ.

"ಮಾಮ, ಅಜ್ಜಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮನೆ ನೀರನ್ನ ಊರಿಗೆ ಹಂಚಿ ಬಂದೆ ಅಂತಾರೆ. ನಾವು ಮಾಡಿದ್ದು ಸರಿ ತಾನೇ?"

ಅವನು ಕೀಲಿಗೆ ಒರಗಿ ನಿಂತ. "ನಂಗೊತ್ತಿಲ್ಲ ಮಗಳೇ."

"ದೊಡ್ಡವರಿಗೆ ಗೊತ್ತಿರಬೇಕಲ್ವಾ?"

"ನಾನೂ ಹಾಗೇ ಅಂದ್ಕೊಂಡಿದ್ದೆ."

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಹೋಗಲಿಲ್ಲ. ಅವನು ಮುಂದಿನ ಮುಚ್ಚಳ ಎತ್ತುವಾಗ ಇನ್ನೊಂದು ಕಡೆ ಹಿಡಿದುಕೊಂಡಳು.

ತಿಂಗಳು ಮುಗಿಯುವಾಗ ಮಕ್ಕಳು ಮತ್ತೆ ಬಕೆಟ್ ಇಟ್ಟು ನೋಡಿದರು. ಆ ಮೊದಲ ಗಂಟೆಯಲ್ಲಿ ಕೊನೆಯ ಮನೆಯ ಬಕೆಟ್ಟಿಗೆ ಎರಡೂವರೆ ನಿಮಿಷ. ಕೆಳಗಿನವರ ಗಲಾಟೆಗೆ ಕಾಲು ಗಂಟೆ ವಾಪಸು ಕೊಟ್ಟು, ಎಂಜಿನಿಯರು ಹೊಸ ಸರದಿಯನ್ನೇ ಖಾಯಂ ಮಾಡಿದರು. ತರಬೇತಿಯೂ ಮುಗಿಯಿತು. ಸಮಾರಂಭದಲ್ಲಿ ಅವನಿಗೂ ಒಂದು ಪ್ರಮಾಣಪತ್ರ ಸಿಕ್ಕಿತು, 'ಸಮುದಾಯ ಮಾರ್ಗದರ್ಶಕರು' ಎಂದು. ತಾನು ಯಾರಿಗೆ ಯಾವ ಮಾರ್ಗ ತೋರಿಸಿದೆ ಎಂದು ಯೋಚಿಸುತ್ತಲೇ ಚಪ್ಪಾಳೆಯ ನಡುವೆ ವೇದಿಕೆ ಇಳಿದ.

ಮರುದಿನ ಕೆಲಸ ಮುಗಿಸಿ ಅವನು ಏರು ಹತ್ತಿ ಇಸ್ತ್ರಿಯವಳ ಮನೆ ಮುಂದೆ ನಿಂತ. ಅವಳು ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಿದ್ದಳು.

"ಆವತ್ತು ಗಡಿಯಾರ ತೋರಿಸಿದ್ದು…" ಎಂದು ಶುರು ಮಾಡಿದ.

ಅವಳು ತಲೆಯೆತ್ತಲಿಲ್ಲ. "ಹನ್ನೊಂದು ವರ್ಷ ಕೆಳಗಿಂದ ಕೊಡ ಹೊತ್ತಿದ್ದೀನಣ್ಣ. ಈಗ ನಾನು ಏನಂತ ಹೇಳಲಿ?"

ಅವನು ತಲೆದೂಗಿದ. ತಿರುಗಿ ಹೊರಟಾಗ ಅವಳು ಹಿಂದಿನಿಂದ ಕೇಳಿದಳು: "ನಾಳೆ ಎಷ್ಟೊತ್ತಿಗೆ ಬಿಡ್ತೀಯಾ?"

"ಐದಕ್ಕೆ. ಮೊದಲು ನಿಮ್ಮ ಬೀದಿಗೇ."

"ಸರಿ" ಎಂದಳು. ಆ ಒಂದು ಮಾತಿನಲ್ಲಿ ಕ್ಷಮೆ ಇತ್ತೋ ಇಲ್ಲವೋ ಎಂದು ಅವನು ಏರು ಇಳಿಯುವವರೆಗೂ ಯೋಚಿಸಿದ. ತಿಳಿಯಲಿಲ್ಲ.