ಟೊಳ್ಳು ಸೊನ್ನೆ, ತುಂಬಿದ ಚುಕ್ಕೆ

ತಂಗಿಯ ಮಗಳಿಗೆ ತಿರುವನಂತಪುರದ ಒಂದು ಶಾಲೆಯಿಂದ ಕರೆ ಬಂದಿತ್ತು. ಗಣಿತದ ಅಧ್ಯಾಪಕಿಯ ಕೆಲಸ. ಹನ್ನೊಂದನೆಯ ತರಗತಿಯ ಮಕ್ಕಳ ಮುಂದೆ ಪಾಠ ಮಾಡಿ ತೋರಿಸಬೇಕು. ಹಿಡಿಸಿದರೆ ಕೆಲಸ, ಇಲ್ಲದಿದ್ದರೆ ತ್ರಿಪ್ಪುಣಿತ್ತುರದ ಟ್ಯೂಷನ್ ಸೆಂಟರಿಗೇ ವಾಪಸು. ಹಿಂದೆ ಇಂಥ ಎರಡು ಅವಕಾಶ ಕೈತಪ್ಪಿದ್ದವು. ಪಾಠ ಚೆನ್ನಾಗಿಯೇ ಶುರುವಾಗಿ, ಯಾರಾದರೂ ಪ್ರಶ್ನೆ ಕೇಳಿದ ಕೂಡಲೇ ಅವಳ ಬಾಯಿ ಕಟ್ಟುತ್ತಿತ್ತು. ಹಾಗಾಗಿ ದಾರಿಯುದ್ದಕ್ಕೂ ಪ್ರಶ್ನೆ ಕೇಳಲೆಂದೇ ನನ್ನನ್ನು ಹೊರಡಿಸಿದಳು. ವರದಿಗಾರನಾದ ನನಗೆ ಬರುವ ಕೆಲಸವೂ ಅದೊಂದೇ.

ಪಾಠದ ವಿಷಯ, ತುಂಡು ತುಂಡಾದ ಫಂಕ್ಷನ್ನಿನ ಗ್ರಾಫ್ ನೋಡಿ ಬೆಲೆ ಹೇಳುವುದು. ರೈಲು ಹೊರಟದ್ದೇ ಅವಳು ನನ್ನ ಪತ್ರಿಕೆ ಕಸಿದು, ಜಾಹೀರಾತಿನ ಖಾಲಿ ಜಾಗದಲ್ಲಿ ಚಿತ್ರ ಬರೆದಳು. ಎಡದಿಂದ ಒಂದು ಓರೆ ಗೆರೆ, ಒಂದರ ನೇರಕ್ಕೆ ಎರಡರ ಎತ್ತರ ದಾಟಿ ಏರಿ ಬಂದು, ಎರಡರ ನೇರಕ್ಕೆ, ಮೂರರ ಎತ್ತರದಲ್ಲಿ ಟೊಳ್ಳು ಸೊನ್ನೆಯಾಗಿ ನಿಂತಿತು. ಅದೇ ಎರಡರ ನೇರಕ್ಕೆ, ಐದರ ಎತ್ತರದಲ್ಲಿ ಒಂದು ತುಂಬಿದ ಚುಕ್ಕೆ. ಅಲ್ಲಿಂದ ಇನ್ನೊಂದು ಗೆರೆ ಮಟ್ಟಸವಾಗಿ ಬಲಕ್ಕೆ ಹೋಯಿತು. ಎರಡರಲ್ಲಿ ಬೆಲೆ ಎಷ್ಟು ಎಂದು ಕೇಳಿದಳು.

ಒಂದು ಮೂಲದ ಪ್ರಕಾರ ಮೂರು, ಇನ್ನೊಂದರ ಪ್ರಕಾರ ಐದು ಎಂದೆ. ಎರಡು ಕಡೆಯವರು ಎರಡು ಮಾತು ಹೇಳಿದರೆ ಎರಡನ್ನೂ ಹಾಕುವುದು ನಮ್ಮ ಡೆಸ್ಕಿನ ಪದ್ಧತಿ.

ಅವಳು ಕೊಚ್ಚಿಯಲ್ಲಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರಿಸುವವಳು. ಸಿಟ್ಟು ಬಂದಾಗ ಮಾತ್ರ ಅಮ್ಮನ ಕಾಸರಗೋಡು ಕನ್ನಡ ಹೊರಬೀಳುತ್ತದೆ.

"ಎಂತ ಮಾವ, ಇದು ಪಂಚಾಯತ್ ಜಗಳವಾ? ಒಂದು ಜಾಗಕ್ಕೆ ಒಂದೇ ಬೆಲೆ. ಟೊಳ್ಳು ಅಂದ್ರೆ ಅಲ್ಲಿ ಆಳೇ ಇಲ್ಲ."

"ಹಾಗಾದ್ರೆ, ಪ್ರತಿಕ್ರಿಯೆಗೆ ಸಿಗಲಿಲ್ಲ ಅಂತ ಬರೆಯಲಾ?"

ಅವಳು ನಕ್ಕ ರಭಸಕ್ಕೆ ಪೆನ್ನು ಸೀಟಿನಡಿಗೆ ಉರುಳಿತು. ಅದನ್ನು ಎತ್ತಿಕೊಟ್ಟವರು ಎದುರು ಕೂತಿದ್ದ ವಕೀಲೆ. ಚಿತ್ರ ನೋಡಿ ಅವರೂ ತೀರ್ಪು ಕೊಟ್ಟರು: ಎಡಗಡೆಯ ಗೆರೆ ಕೋರ್ಟಿನ ಹೊಸ್ತಿಲ ತನಕ ಬಂದು ಒಳಗೆ ಕಾಲಿಡದ ಸಾಕ್ಷಿ, ಅವನ ಹೇಳಿಕೆ ದಾಖಲಾಗುವುದಿಲ್ಲ. ಅಲ್ಲಿಂದ ಮುಂದೆ ಗಂಭೀರವಾದದ್ದು ಏನೂ ಉಳಿಯಲಿಲ್ಲ. ಬಾಳೆಹಣ್ಣಿನ ಪಳಂಪೊರಿ ಬಜ್ಜಿ ತಿನ್ನುತ್ತ ವಕೀಲೆಯೂ ನಾನೂ ಪೈಪೋಟಿಯ ಮೇಲೆ ಅವಳಿಗೆ ಪ್ರಶ್ನೆ ಎಸೆದೆವು. ಒಂದರಲ್ಲಿ ಎಷ್ಟು? ಎರಡು. ನೂರರಲ್ಲಿ? ಐದೇ. ಎರಡಕ್ಕೆ ಕೂದಲೆಳೆಯಷ್ಟು ಮೊದಲು? ಮೂರಕ್ಕೆ ಕೂದಲೆಳೆಯಷ್ಟು ಕಡಿಮೆ. ಕೊಲ್ಲಂ ದಾಟುವ ಹೊತ್ತಿಗೆ ಅವಳು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಿದ್ದಳು.

ಶಾಲೆಯಲ್ಲಿ ನನಗೆ ಸಿಕ್ಕಿದ್ದು ವರಾಂಡದ ಬೆಂಚು, ತೆರೆದ ಕಿಟಕಿಯ ಪಕ್ಕದಲ್ಲಿ. ಅವಳು ಹಲಗೆಯ ಮೇಲೆ ಅದೇ ಚಿತ್ರ ಬರೆದಳು. ಬರೆದು ತಿರುಗಿದಾಗ ನಾನು ಗಮನಿಸಿದೆ: ಎರಡೂ ಸೊನ್ನೆಗಳು ಟೊಳ್ಳಾಗಿದ್ದವು. ಹಿಂದಿನ ಸಾಲಿನಲ್ಲಿದ್ದ ಪ್ರಿನ್ಸಿಪಾಲರಿಗೂ ಅದು ಕಂಡಿತ್ತು. ಎರಡರಲ್ಲಿ ಬೆಲೆ ಎಷ್ಟು ಎಂದು ತಣ್ಣಗೆ ಕೇಳಿದರು.

ಅವಳು ಹಲಗೆ ನೋಡಿದಳು. ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು. ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಆಮೇಲೆ ಅವಳು ಮಕ್ಕಳ ಕಡೆ ತಿರುಗಿ, ಮಲಯಾಳದಲ್ಲಿ, ರೈಲಿನಲ್ಲಿದ್ದ ಅದೇ ದನಿಯಲ್ಲಿ ಹೇಳಿದಳು:

"ನಾನು ಬರೆದ ಹಾಗೆ ನೋಡಿದರೆ ಇಲ್ಲಿ ಬೆಲೆಯೇ ಇಲ್ಲ. ಒಂದು ಚುಕ್ಕೆ ತುಂಬಲು ಮರೆತೆ. ಎಲ್ಲಿ ತುಂಬಲಿ, ನೀವೇ ಹೇಳಿ."

ತರಗತಿ ಸಂತೆಯಾಯಿತು. ಅರ್ಧ ಮಂದಿ ಮೇಲೆ ಎಂದರು, ಅರ್ಧ ಮಂದಿ ಕೆಳಗೆ. ಒಬ್ಬಳು ಎರಡನ್ನೂ ತುಂಬಿ ಎಂದಳು. ಹಾಗೆ ಮಾಡಿದರೆ ಇದು ಫಂಕ್ಷನ್ನೇ ಅಲ್ಲ ಮೋಳೇ ಎಂದು, ಸ್ವಂತ ಮಗಳಿಗೆ ಹೇಳುವಂತೆ, ಇವಳು ಉತ್ತರ ಕೊಟ್ಟಳು. ಆಗ ಪ್ರಿನ್ಸಿಪಾಲರು ವಿದ್ಯಾರ್ಥಿನಿಯಂತೆ ಕೈಯೆತ್ತಿ, ಎರಡೂ ಸೊನ್ನೆ ಬಿಟ್ಟು ನಡುವೆ ಎಲ್ಲಾದರೂ ಇಡಬಹುದೇ ಎಂದು ಕೇಳಿದರು. ಇಡಬಹುದಲ್ಲ ಎಂದು ಇವಳು ನಾಲ್ಕರ ಎತ್ತರದಲ್ಲಿ ಒಂಟಿ ಚುಕ್ಕೆ ಗುದ್ದಿದಳು. ಈಗ ಬೆಲೆ ಎಷ್ಟು? ಇಡೀ ತರಗತಿ ಒಂದೇ ಬಾಯಲ್ಲಿ ನಾಲ್ಕು ಎಂದು ಕೂಗಿತು. ವರಾಂಡದಲ್ಲಿ ನಾನೂ ಕೂಗಿದೆ ಎಂದು ಅವಳ ಆರೋಪ, ದೃಢಪಟ್ಟಿಲ್ಲ.

ಪಾಠ ಮುಗಿದ ಮೇಲೆ ಪ್ರಿನ್ಸಿಪಾಲರು ಅವಳ ಹಿಂದೆಯೇ ಹೊರಗೆ ಬಂದರು.

"ಟೀಚರ್, ಇಲ್ಲಿ ಇರಲು ಜಾಗ ನೋಡಿದ್ದೀರಾ?"

ಇಲ್ಲ ಎಂದಳು. ಹಾಗಾದರೆ ಇವತ್ತೇ ನೋಡಿಕೊಳ್ಳಿ, ಸೋಮವಾರದ ಮೊದಲ ಪೀರಿಯಡ್ ನಿಮ್ಮದು ಎಂದರು. ಆ ಮಧ್ಯಾಹ್ನವೆಲ್ಲ ನಾವು ಲೇಡೀಸ್ ಹಾಸ್ಟೆಲುಗಳ ಮೆಟ್ಟಿಲು ಹತ್ತಿ ಇಳಿದೆವು. ಊಟ ಮಾಡಿಲ್ಲವೆಂಬುದು ಇಬ್ಬರಿಗೂ ನೆನಪಾಗಲಿಲ್ಲ.