ಅವ್ವ ಬರುತ್ತಿದ್ದ ಸೋಮವಾರಗಳು

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಹಬ್ಬಕ್ಕೆ ಗೋಡೆ ಬಳಿಯುವಾಗ ಎದ್ದು ಹಿತ್ತಲಿಗೆ ಹೋಗಿಬಿಡುತ್ತೇನೆ. ಮುದುಕಿಗೆ ತಿಕ್ಕಲು ಎಂದು ಸೊಸೆಯಂದಿರು ನಗುತ್ತಾರೆ, ನಗಲಿ. ದುರ್ಗಕ್ಕೆ ಪ್ಲೇಗು ಬಂದ ವರ್ಷ, ಬಿಸಿಲು ಏರುತ್ತಿದ್ದ ದಿನಗಳಲ್ಲಿ, ನಮ್ಮ ಕೇರಿಯ ಮಕ್ಕಳನ್ನೆಲ್ಲ ಚಂದ್ರವಳ್ಳಿಯ ಆಚೆ ಹೊಲದಲ್ಲಿ ಹುಲ್ಲಿನ ಗುಡಿಸಲು ಹಾಕಿ ಇಟ್ಟಿದ್ದರು. ಅಪ್ಪ ಜವಳಿ ಅಂಗಡಿ ಬಿಟ್ಟು ಬರಲಾರ, ಅವನನ್ನು ಬಿಟ್ಟು ಅವ್ವ ಬರಲಾರಳು. ನಮ್ಮನ್ನು ಕಾಯಲು ಬಂದವಳು ಅಪ್ಪನ ಅಕ್ಕ, ನನ್ನ ಸೋದರತ್ತೆ. ಗಂಡ ಸತ್ತ ಮೇಲೆ ನಮ್ಮ ಮನೆ ಸೇರಿದ್ದ ಅವಳಿಗೂ ಅವ್ವನಿಗೂ ಎಣ್ಣೆ ಸೀಗೇಕಾಯಿ. ಒಂದೇ ಒಲೆಯ ಮುಂದೆ ದಿನವೆಲ್ಲ ಕೂತರೂ ಇಬ್ಬರೂ ನೇರ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆ ಒಲೆಯೂ ಇಲ್ಲ, ಆ ಮನೆಯೂ ಇಲ್ಲ ಈಗ.

ಸೋಮವಾರ ಹೆತ್ತವರು ಬಂದು ಮಕ್ಕಳನ್ನು ನೋಡಬಹುದಿತ್ತು. ನೋಡಬಹುದು, ಅಷ್ಟೇ. ಗುಡಿಸಲುಗಳ ಸುತ್ತ ಅತ್ತೆ ಸುಣ್ಣದ ಗೆರೆ ಎಳೆಸಿದ್ದಳು; ಊರಿನಿಂದ ಬಂದವರು ಅದರಾಚೆ ಸುಡುವ ಬಿಸಿಲಲ್ಲಿ, ನಾವು ಈಚೆ. ಅವ್ವ ತಂದಿಟ್ಟ ಹುರಿಟ್ಟಿನ ಉಂಡೆಗಳನ್ನು ಅತ್ತೆ ಗಂಟಿನ ಸಮೇತ ಕೋಲಿನಿಂದ ಎಳೆದುಕೊಂಡು ಹೋಗಿ ಬೆಂಕಿಗೆ ಹಾಕುತ್ತಿದ್ದಳು. ಎಲ್ಲರ ಬುತ್ತಿಗೂ ಅದೇ ಗತಿ. ಆದರೆ ನಮ್ಮವ್ವನದನ್ನು ಸುಡುವಾಗ ಅವಳ ಮುಖ ಅರಳುತ್ತಿತ್ತು, ನನ್ನ ಕಣ್ಣಾರೆ ಕಂಡಿದ್ದೇನೆ. ಉಂಡೆ ಹೋದರೆ ಹೋಗಲಿ, ಒಂದು ಸಲ ಅವ್ವನ ಸೆರಗು ಹಿಡಿಯಬೇಕು, ಇದೊಂದೇ ನನ್ನ ಆಸೆ. ಎಳೆತನದಲ್ಲಿ ತಾಯಿಯನ್ನು ದೂರದಿಂದ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸೋಮವಾರ ಅತ್ತೆ ಬೆಂಕಿಯ ಕಡೆ ತಿರುಗಿದ್ದೇ ತಡ, ಗೆರೆ ದಾಟಿ ಓಡಿದೆ. ಅವ್ವ ತೋಳು ಚಾಚುತ್ತಾಳೆ ಎಂದುಕೊಂಡಿದ್ದೆ. ಅವಳು ಹಿಂದಕ್ಕೆ ಹಿಂದಕ್ಕೆ ಹೋದಳು. ನಾನು ನಿಲ್ಲಲಿಲ್ಲ. ಆಗ ಬಗ್ಗಿ ಮಣ್ಣಿನ ಹೆಂಟೆ ಎತ್ತಿ ನನ್ನತ್ತ ಬೀಸಿದಳು. ಅದು ಮೊಣಕಾಲಿಗೆ ಬಡಿಯಿತು.

"ಬರಬ್ಯಾಡ. ಮನ್ಯಾಗೆ ಇಲಿ ಬಿದ್ದೈತೆ, ಹೋಗು ಅತ್ಲಾಗೆ," ಅಂದಳು. ಆಮೇಲೆ ಅತ್ತೆಗೆ, "ಅಕ್ಕಾ, ಇವಳನ್ನ ಹಿಡ್ಕಳ್ರಿ."

ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗು ಹೊಸಿಲು ದಾಟಿದಂತೆ, ಇದು ಆಗ ಮಕ್ಕಳಿಗೂ ಗೊತ್ತು. ನನ್ನ ಕಿವಿಗೆ ಬಿದ್ದದ್ದು ಹೋಗು ಎಂಬ ಮಾತೊಂದೇ. ಅತ್ತೆ ನನ್ನ ರಟ್ಟೆ ಹಿಡಿದು ಎಳೆದೊಯ್ದು, ಸುಡುಸುಡು ನೀರು ಸುರಿದು, ಮೈ ಕೆಂಪಾಗುವ ತನಕ ಉಜ್ಜಿದಳು. "ನಿಮ್ಮವ್ವಗೆ ಬುದ್ಧಿ ಐತೆ ಕಣೇ," ಅಂದಳು. ಅವ್ವನನ್ನು ಅವಳು ಹೊಗಳಿದ್ದು ಅದೊಂದು ಸಲ.

ವಾರವೆಲ್ಲ ಅವ್ವನ ಮೇಲೆ ಹಲ್ಲು ಕಡಿದೆ. ಮುಂದಿನ ಸೋಮವಾರ ಗೆರೆಗೆ ಬೆನ್ನು ಹಾಕಿ ಕೂತೆ. ಅವಳು ಕರೆಯಲಿ, ಗೋಗರೆಯಲಿ, ಅಳುವಂತಾದಾಗ ತಿರುಗಿದರಾಯಿತು. ಹಿಂದೆ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಕೂಗುತ್ತಿದ್ದರು. ನನ್ನ ಹೆಸರು ಬರಲಿಲ್ಲ. ನಾನೂ ಹಟ ಬಿಡಲಿಲ್ಲ. ಬಹಳ ಹೊತ್ತಾದ ಮೇಲೆ ಅತ್ತೆ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಬೈಯಲಿಲ್ಲ. ಅವಳು ಬೈಯಲಿಲ್ಲವಲ್ಲ ಎಂದು ಹೆದರಿ ತಿರುಗಿ ನೋಡಿದೆ. ಅಪ್ಪ ಒಬ್ಬನೇ ನಿಂತಿದ್ದ.